ಹಾಸಿಗೆ ಹುಣ್ಣಿನ ಫೋಮ್ ಪಟ್ಟಿ

ಇಚಲಕರಂಜಿಯಲ್ಲಿ ಥಾನು ಕೊಳ್ಳುವಾಗ ನಾವು ಅರಿವೆಯನ್ನು ಉಜ್ಜಿ, ಎಳೆದು, ನೆನೆಸಿ ನೋಡುತ್ತೇವೆ. ಮನೆಯಲ್ಲಿ ತಾಯಿಯವರು ಹಾಸಿಗೆ ಹಿಡಿದರೆ ಫೋಮ್ ಪಟ್ಟಿಯನ್ನು ಮಾತ್ರ ಬೆಲೆಯಷ್ಟೇ ಕೇಳಿ ತರುತ್ತೇವೆ!

ಹಾಸಿಗೆ ಹುಣ್ಣಿಗೆ ಮೈಭಾರವೊಂದೇ ಕಾರಣವಲ್ಲ. ತಲೆಯ ಕಡೆ ಮಂಚ ಎತ್ತಿದಾಗ ಮೈ ಕೆಳಗೆ ಜಾರುತ್ತದೆ, ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ. ನಡುವಿನ ಮಾಂಸ ಜಗ್ಗಿ ರಕ್ತದ ಓಟ ಕಟ್ಟುತ್ತದೆ. ಆದ್ದರಿಂದ ಪ್ರಯೋಗಶಾಲೆಯಲ್ಲಿ ಪಟ್ಟಿಯ ಮೇಲೆ ಭಾರವಿಟ್ಟು ಅಡ್ಡಲಾಗಿ ಎಳೆಯುತ್ತಾರೆ. ಪದರಗಳು ಒಂದರ ಮೇಲೊಂದು ಸರಿದು ಎಷ್ಟು ಎಳೆತವನ್ನು ತಾವೇ ನುಂಗಿದವು, ನೆನೆದ ಮೇಲೂ ಆ ಗುಣ ಉಳಿಯಿತೇ ಎಂದು ಅಳೆಯುತ್ತಾರೆ.

2013ರಲ್ಲಿ ಪ್ರಕಟವಾದ, ಆಸ್ಟ್ರೇಲಿಯದ ಮೆಲ್ಬರ್ನ್ ಆಸ್ಪತ್ರೆಯೊಂದರ ಪರೀಕ್ಷೆಯಲ್ಲಿ 440 ಗಂಭೀರ ರೋಗಿಗಳಿದ್ದರು. ಬಹುಪದರದ ಸಿಲಿಕೋನ್ ಫೋಮ್ ಹಚ್ಚಿದವರಲ್ಲಿ 5 ಮಂದಿಗೆ, ಹಚ್ಚದವರಲ್ಲಿ 20 ಮಂದಿಗೆ ಹುಣ್ಣಾಯಿತು.

ಗಾಯದ ಕೀವು ಹೀರುವ ಫೋಮ್ ಎಲ್ಲವೂ ಈ ಕೆಲಸಕ್ಕೆ ಬಾರದು. ಗಡಹಿಂಗ್ಲಜಿನವರಾಗಲಿ, ಕೊಲ್ಲಾಪುರದವರಾಗಲಿ, ಕೊಳ್ಳುವ ಮುಂಚೆ ಡಾಕ್ಟರರನ್ನು ಕೇಳಿರಿ: ಇದು ಎಳೆತದ ಪರೀಕ್ಷೆಯಾದ ಪಟ್ಟಿಯೇ? ಹಚ್ಚಿದ ಮೇಲೂ ಮಗ್ಗುಲು ಬದಲಿಸುವುದು ತಪ್ಪದು. ದಿನವೂ ಅಂಚು ಎತ್ತಿ ಚರ್ಮದ ಬಣ್ಣ ಬದಲಾಗಿದೆಯೇ ನೋಡಬೇಕು. ನಡುವೆ ತೂತಿರುವ ಗಾಳಿಯ ರಿಂಗನ್ನಂತೂ ಕೆಳಗೆ ಇಡಲೇಬೇಡಿರಿ; ಅದು ಸುತ್ತಲಿನ ರಕ್ತದ ಓಟವನ್ನೇ ಒತ್ತಿ ಹಿಡಿಯುತ್ತದೆ.