ಹೊಸ ಶೈಕ್ಷಣಿಕ ವರ್ಷವೂ ನಮ್ಮ ಗಣಿಯೂರೂ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿ ವಿಷಯದಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ಪ್ರತಿವರ್ಷ ಅಲ್ಲಿ ಹೊಸ ತರಗತಿ ಆರಂಭವಾಗುವುದು ನಮ್ಮ ವರ್ತಕ ಬಾಂಧವರಿಗೆ ದೂರದ ಸುದ್ದಿಯೆನಿಸಬಹುದು. ಆದರೆ ಸರ್ಕಾರದ ಒಂದು ತೀರ್ಮಾನ ಪೇಟೆಯ ಬದುಕನ್ನು ಹೇಗೆ ಬದಲಿಸುತ್ತದೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ವಿರಳ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನಿಂತದ್ದು ಗಣಿಯ ಯಂತ್ರಗಳು ಮಾತ್ರವಲ್ಲ. ಸಂಬಳದ ದಿನವನ್ನು ನೆಚ್ಚಿ ಉದ್ರಿ ಕೊಡುತ್ತಿದ್ದ ಅಂಗಡಿಗಳ ಲೆಕ್ಕವೂ ಏರುಪೇರಾಯಿತು. ಗಣಿ ಕಾರ್ಮಿಕರ ಆಸ್ಪತ್ರೆ, ವಸತಿಗಳ ಹೊಣೆ ಯಾರದೆಂಬ ಪ್ರಶ್ನೆ ಎದ್ದಿತು. ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳ ಧೂಳು ಇಂದಿಗೂ ಮನೆಗಳನ್ನು ಹೊಗುತ್ತದೆ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಸಾಗುವ ರೈಲುಗಳಲ್ಲಿ ನಮ್ಮ ಯುವಜನರು ದಿನವೂ ದುಡಿಮೆಯನ್ನರಸಿ ಹೋಗುತ್ತಾರೆ. ಸಾರ್ವಜನಿಕ ನೀತಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೆ?

ಆದುದರಿಂದ ಎರಡು ಸಲಹೆಗಳು. ಮೊದಲನೆಯದು, ಅಲ್ಲಿನ ವಿದ್ಯಾರ್ಥಿಗಳನ್ನು ಕ್ಷೇತ್ರ ಅಧ್ಯಯನಕ್ಕೆ ಆಹ್ವಾನಿಸಿ, ನಮ್ಮ ಹಳೆಯ ಖಾತೆ ಪುಸ್ತಕಗಳನ್ನು ಅವರ ಮುಂದೆ ತೆರೆದಿಡೋಣ. ಎರಡನೆಯದು, ಕೆ.ಜಿ.ಎಫ್. ಅಥವಾ ಬಂಗಾರಪೇಟೆಯ ಪದವೀಧರರೊಬ್ಬರು ಅಲ್ಲಿಗೆ ಆಯ್ಕೆಯಾದರೆ ಶುಲ್ಕದ ಒಂದು ಭಾಗವನ್ನು ನಮ್ಮ ಸಂಸ್ಥೆಯೇ ಭರಿಸಲಿ.

ಇದರಿಂದ ವ್ಯಾಪಾರಕ್ಕೇನು ಲಾಭವೆಂದು ಕೇಳುವವರಿದ್ದಾರೆ. ಗಣಿ ಭೂಮಿಯ, ದಿಬ್ಬಗಳ ಮುಂದಿನ ಬಳಕೆ ನಮ್ಮ ಪೇಟೆಯ ಭವಿಷ್ಯಕ್ಕೇ ಸೇರಿದ ವಿಷಯ. ತೀರ್ಮಾನವಾದ ಮೇಲೆ ಮನವಿಪತ್ರ ಸಲ್ಲಿಸುವುದಕ್ಕಿಂತ, ಅದಕ್ಕೆ ಮೊದಲೇ ಅಂಕಿ-ಅಂಶಗಳೊಡನೆ ಮಾತನಾಡಬಲ್ಲ ನಮ್ಮವರೊಬ್ಬರಿರುವುದು ಮೇಲು. ಅಂಥವರನ್ನು ಸಿದ್ಧಗೊಳಿಸುವ ವೆಚ್ಚವನ್ನು ದಾನವೆಂದಲ್ಲ, ಬಂಡವಾಳವೆಂದೇ ಬರೆದುಕೊಳ್ಳೋಣ.