ಬಸ್ಸಿನ ಒಡಲು, ಪಯಣಿಗರ ಪ್ರಾಣ

2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸೊಂದು ಪಳವಳ್ಳಿ ಕಟ್ಟೆಯ ಬಳಿ ಉರುಳಿಬಿದ್ದು, ವಿದ್ಯಾರ್ಥಿಗಳೂ ಸೇರಿದಂತೆ ಕನಿಷ್ಠ ಐವರು ಅಸುನೀಗಿದರು, ಅನೇಕರು ಗಾಯಗೊಂಡರು. ಒಳಗೆ ಕಾಲಿಡಲು ಸ್ಥಳವಿಲ್ಲದೆ ಕೆಲವರು ಮೇಲ್ಛಾವಣಿಯ ಮೇಲೂ ಕುಳಿತಿದ್ದರು. ಹುಲಿಕುಂಟೆ, ಮಧುಗಿರಿ, ಕೊರಟಗೆರೆಯ ಕಡೆಯವರಿಗೆ ಈ ನೋಟ ಅಪರಿಚಿತವೇನಲ್ಲ.

ಇಂತಹ ದುರಂತ ಸಂಭವಿಸಿದಾಗಲೆಲ್ಲ ನಾವು ಚಾಲಕನನ್ನು ದೂರುತ್ತೇವೆ, ಇಲ್ಲವೇ ದೈವಚಿತ್ತವೆಂದು ನಿಟ್ಟುಸಿರುಬಿಡುತ್ತೇವೆ. ತತ್ತ್ವಶಾಸ್ತ್ರವು ನಿಮಿತ್ತ ಕಾರಣ, ಉಪಾದಾನ ಕಾರಣ ಎಂದು ಭೇದವೆಣಿಸುತ್ತದೆ. ಮಡಕೆಗೆ ಕುಂಬಾರನು ನಿಮಿತ್ತ, ಮಣ್ಣು ಉಪಾದಾನ. ವೇಗವೂ ತಿರುವೂ ಬಸ್ಸು ಉರುಳಲು ನಿಮಿತ್ತವಾಗಬಹುದು. ಆದರೆ ಉರುಳಿದ ಬಸ್ಸಿನೊಳಗಿನವರು ಉಳಿಯುವರೋ ಅಳಿಯುವರೋ ಎಂಬುದು, ಅದರ ಒಡಲು ಯಾವುದರಿಂದ, ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನೂ ಅವಲಂಬಿಸಿದೆ.

ನಮ್ಮಲ್ಲಿ ಅನೇಕ ಬಸ್ಸುಗಳ ಚಾಸಿ ಒಂದು ಕಾರ್ಖಾನೆಯದು, ಬಾಡಿ ಬೇರೊಂದು ಕಡೆಯದು. ತಮಿಳುನಾಡಿನ ಕರೂರು ಬಾಡಿ ಕಟ್ಟುವ ಕಸುಬಿಗೇ ಹೆಸರಾದ ಊರು. ಪಕ್ಕದ ಕಂಬಗಳೂ ಛಾವಣಿಯ ಕಮಾನುಗಳೂ ಕೂಡುವಲ್ಲಿ ಬೆಸುಗೆ ದೃಢವಾಗಿದ್ದರೆ, ಅವು ಬಾಗಿ ಆಘಾತವನ್ನು ತಾವೇ ನುಂಗಿಕೊಳ್ಳುತ್ತವೆ. ಬೆಸುಗೆ ಬಿಟ್ಟರೆ ಛಾವಣಿಯು ಆಸನಗಳ ಮೇಲೆಯೇ ಕುಸಿಯುತ್ತದೆ. ನೆಲಕ್ಕೆ ಭದ್ರವಾಗಿ ಬಿಗಿಯದ ಸೀಟು ಡಿಕ್ಕಿಯಾದೊಡನೆ ಕಿತ್ತುಬಂದು ಮುಂದಿನವರನ್ನು ಜಜ್ಜುತ್ತದೆ. ಭಾರತದ ಎಐಎಸ್-031 ಮಾನದಂಡದ ಉದ್ದೇಶವೂ ಇದೇ: 800 ಮಿ.ಮೀ. ಎತ್ತರದಿಂದ ಪಕ್ಕಕ್ಕೆ ಉರುಳಿಸಿದರೂ ಪಯಣಿಗರ ಸುತ್ತಲಿನ ನಿಗದಿತ ಜಾಗದೊಳಗೆ ಒಡಲಿನ ಯಾವ ಭಾಗವೂ ನುಗ್ಗಕೂಡದು. ತುರ್ತು ಬಾಗಿಲು, ಸೀಟುಗಳ ಅಳತೆ ಮುಂತಾದವನ್ನು ಎಐಎಸ್-052 ವಿಧಿಸುತ್ತದೆ.

ಆದರೆ ಎಷ್ಟೇ ಗಟ್ಟಿಯಾದ ಒಡಲೂ ಛಾವಣಿಯ ಮೇಲೆ ಕುಳಿತವನನ್ನು ಕಾಯಲಾರದು. ಮೇಲೇರಿದ ಭಾರವು ಬಸ್ಸಿನ ಗುರುತ್ವ ಕೇಂದ್ರವನ್ನೂ ಮೇಲೇರಿಸಿ, ತಿರುವಿನಲ್ಲಿ ಅದು ಉರುಳುವುದನ್ನು ಸುಲಭಗೊಳಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 123ನೇ ಕಲಂ ಇದನ್ನು ನಿಷೇಧಿಸಿದೆ. ಆದರೂ ಮಕ್ಕಳು ಏರುತ್ತಾರೆ. ಕಾಲೇಜಿನ ವೇಳೆಗೆ ಮತ್ತೊಂದು ಬಸ್ಸಿಲ್ಲವಾದುದರಿಂದ ಏರುತ್ತಾರೆ. ಅವರನ್ನು ಗದರಿಸಿದ ಮಾತ್ರಕ್ಕೆ ನಮ್ಮ ಹೊಣೆ ತೀರದು. ಬೆಳಿಗ್ಗೆ ಮತ್ತು ಸಂಜೆ ಹೆಚ್ಚುವರಿ ಬಸ್ಸು ಬೇಕೆಂದು ಗ್ರಾಮಸಭೆಯಲ್ಲೂ ಡಿಪೋದಲ್ಲೂ ಹಿರಿಯರು ಒಟ್ಟಾಗಿ ಲಿಖಿತ ಮನವಿ ಸಲ್ಲಿಸಬೇಕು, ಉತ್ತರ ಬರುವವರೆಗೂ ಬೆನ್ನುಹತ್ತಬೇಕು.

ವೇಳಾಂಗಣಿ ಯಾತ್ರೆಗೋ ಮದುವೆಯ ದಿಬ್ಬಣಕ್ಕೋ ಬಸ್ಸನ್ನು ಗೊತ್ತುಮಾಡುವಾಗ ನಾವು ಮೊದಲು ಕೇಳುವುದು ಬಾಡಿಗೆಯನ್ನು. ಇನ್ನು ಮುಂದೆ ಫಿಟ್‌ನೆಸ್ ಪ್ರಮಾಣಪತ್ರವನ್ನೂ ಕೇಳೋಣ. ತುರ್ತು ಬಾಗಿಲನ್ನು ನಮ್ಮ ಕೈಯಿಂದಲೇ ತೆರೆದು ನೋಡೋಣ. ಅದಕ್ಕೆ ಅಡ್ಡವಾಗಿ ಸೀಟನ್ನಾಗಲಿ ಮೂಟೆಯನ್ನಾಗಲಿ ಇಟ್ಟಿದ್ದರೆ ತೆಗೆಸೋಣ. ಸೀಟುಗಳನ್ನು ಅಲುಗಾಡಿಸಿ ಪರೀಕ್ಷಿಸೋಣ. ಹತ್ತು ನಿಮಿಷದ ಕೆಲಸವಿದು. ಮನುಷ್ಯನ ಕೈಯಲ್ಲಿರುವ ಎಚ್ಚರಿಕೆಯನ್ನು ಮನುಷ್ಯನೇ ವಹಿಸದೆ, ಅನಾಹುತವನ್ನು ದೇವರ ಮೇಲೆ ಹೊರಿಸುವುದು ಭಕ್ತಿಯಲ್ಲ.