ವೈಫೈ ಸರಿ ಹೋಯ್ತು, ಲೆಕ್ಕ ಸರಿ ಹೋಗಲಿಲ್ಲ

ಈ ವಾರ ರಾಗಿ ಪೈರಿನ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರ. ಇವತ್ತು ಹೊಟ್ಟೆ ಉರೀತಿದೆ, ಅದನ್ನ ಹೇಳ್ಕೊಳ್ದೆ ಬೇರೆ ಬರೆಯೋಕೆ ಕೈ ಓಡ್ತಿಲ್ಲ. ಉದ್ದ ಇದೆ. ಆದ್ರೂ ಪೂರ್ತಿ ಓದಿ. ಮನೆಲಿ ವೈಫೈ ಕ್ಯಾಮೆರಾ ಇರೋರಿಗೂ ಇದರಲ್ಲಿ ಉಪಯೋಗ ಇದೆ.

ನಮ್ಮ ಪಕ್ಕದ ತೋಟದ ತಮ್ಮ, ಹೆಸರು ಬೇಡ, ಹೋದ ವರ್ಷದ ಕೊಬ್ಬರಿ ದುಡ್ಡಲ್ಲಿ 36,000 ಕೊಟ್ಟು ಎರಡು ಮೆಷಿನ್ ತಂದ. ಅಂಗೈ ಅಗಲದ ಡಬ್ಬಿ, ಮೇಲೊಂದು ಫ್ಯಾನು, ಸಣ್ಣ ಪರದೆ. ಬಿಟ್‌ಕಾಯಿನ್ ಮೈನಿಂಗ್ ಮೆಷಿನ್ನಂತೆ. ಮಾರಿದವನು "ಮನೆಲಿ ಇಟ್ಟು ವೈಫೈ ಕೊಡಿ ಸಾಕು, ದಿನಕ್ಕೆ 300 ರೂಪಾಯಿ ಬರುತ್ತೆ" ಅಂದಿದ್ದ. ಮೂರು ತಿಂಗಳಾಯ್ತು, ಮುನ್ನೂರು ದಿನಕ್ಕಲ್ಲ, ತಿಂಗಳಿಗೂ ಬರಲಿಲ್ಲ. ಆಮೇಲೆ ಮನೆಗೆ ಹೊಸ ಫೈಬರ್ ಕನೆಕ್ಷನ್ ಹಾಕಿಸಿದ, ಆವತ್ತಿಂದ ಮೆಷಿನ್ನಿಗೆ ವೈಫೈನೇ ಸಿಗಲಿಲ್ಲ.

ಫೋನ್ ಮಾಡಿದ್ರೆ ಆ ಕಡೆಯಿಂದ ಏನಂದ ಗೊತ್ತಾ? "ನಿಮ್ಮ ಹಳ್ಳಿ ನೆಟ್‌ವರ್ಕ್ ಸರಿ ಇಲ್ಲ ಸಾರ್, ಅದಕ್ಕೇ ದುಡ್ಡು ಬಂದಿಲ್ಲ. 9,000 ಹಾಕಿ, ಬೂಸ್ಟರ್ ಕಳಿಸ್ತೀವಿ, ಆಮೇಲೆ ನೋಡಿ." ಇವನು ಕಡಸು ಮಾರೋಕೆ ಗಿರಾಕಿ ಕರೆಸಿದ್ದ. ಗಿರಾಕಿ ಹಲ್ಲು ನೋಡ್ತಾ ಇದ್ದಾಗ ನಾನು ಹೋದೆ. "ಏನೋ ಇದು" ಅಂದೆ. "ವೈಫೈಗೆ ಅಣ್ಣಾ" ಅಂದ. ವೈಫೈಗೆ ಕಡಸು ಮಾರೋನನ್ನ ನಾನು ಇದೇ ಮೊದಲು ನೋಡಿದ್ದು.

ನಾನು ಎಸ್‌ಎಸ್‌ಎಲ್‌ಸಿ. ಎಂಜಿನಿಯರ್ ಅಲ್ಲ. ಆದ್ರೆ ಕಣದ ಕ್ಯಾಮೆರಾಗೆ ವೈಫೈ ಹಿಡಿಸೋಕೆ ಎರಡು ವರ್ಷದ ಹಿಂದೆ ವಾರಗಟ್ಟಲೆ ಒದ್ದಾಡಿದ್ದೀನಿ. ತಂಗಿ ಮಗ ಫೋನಲ್ಲೇ ಹೇಳ್ಕೊಟ್ಟಿದ್ದ. ಅದೇ ವಿದ್ಯೆ ಇಲ್ಲಿ ಹಾಕಿದೆ. ಮೂರು ಸಂಜೆ, ಅಡಾಪ್ಟರ್ ಬಿಟ್ಟು ಬೇರೆ ಒಂದು ಪೈಸೆ ಖರ್ಚಿಲ್ಲ. ಏನೇನು ಮಾಡಿದೆ ಬರೆದಿಡ್ತೀನಿ, ಯಾರೂ ಬೂಸ್ಟರಿಗೆ ದುಡ್ಡು ಹಾಕಬೇಡಿ.

ಮೊದಲನೇ ಸಂಜೆ. ಮೆಷಿನ್ ಒಳಗೆ ವೈಫೈ ಹಿಡಿಯೋ ಚಿಪ್ಪು ಇಎಸ್‌ಪಿ32 ಅನ್ನೋ ಜಾತಿದು. ನಮ್ಮ ಕ್ಯಾಮೆರಾ, ಸ್ಮಾರ್ಟ್ ಬಲ್ಬು, ಇಂಥ ಸಣ್ಣ ಸಾಮಾನಲ್ಲೆಲ್ಲ ಹೆಚ್ಚಾಗಿ ಇದರ ತರದ್ದೇ ಇರುತ್ತೆ. ಇದಕ್ಕೆ ಕೇಳೋದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ಹೊಸ ಫೈಬರ್ ಡಬ್ಬಿ 2.4, 5 ಎರಡನ್ನೂ ಬಿಡುತ್ತೆ, ಎರಡಕ್ಕೂ ಒಂದೇ ಹೆಸರು ಇಟ್ಟಿರ್ತಾರೆ. ಫೋನಿಗೆ ಎರಡೂ ಆಗುತ್ತೆ, ಅದಕ್ಕೇ ನಮಗೆ ವ್ಯತ್ಯಾಸ ಗೊತ್ತಾಗಲ್ಲ. ಸಣ್ಣ ಸಾಮಾನು ಮಾತ್ರ ಗೊಂದಲಕ್ಕೆ ಬೀಳುತ್ತೆ. ತ್ರೀ ಫೇಸ್ ಲೈನಿಗೆ ಸಿಂಗಲ್ ಫೇಸ್ ಮೋಟಾರ್ ತಂದಿಟ್ಟು "ಓಡ್ತಿಲ್ಲ" ಅಂದ ಹಾಗೆ. ಮೋಟಾರೂ ಕೆಟ್ಟಿಲ್ಲ, ಲೈನೂ ಕೆಟ್ಟಿಲ್ಲ, ಜೋಡಣೆ ತಪ್ಪು. ರೂಟರ್ ಸೆಟ್ಟಿಂಗ್ ಒಳಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಬರದಿದ್ರೆ ಲೈನ್ ಹಾಕಿದ ಹುಡುಗನಿಗೆ ಫೋನ್ ಮಾಡಿ "2.4 ಬೇರೆ ಮಾಡ್ಕೊಡಪ್ಪಾ" ಅನ್ನಿ. ಹತ್ತು ನಿಮಿಷದ ಕೆಲಸ. ಅಲ್ಲೇ ಸೆಕ್ಯುರಿಟಿ ಅಂತ ಇರುತ್ತೆ. ಅದು ಡಬ್ಲ್ಯೂಪಿಎ3 ಮಾತ್ರ ಅಂತಿದ್ರೆ ಡಬ್ಲ್ಯೂಪಿಎ2ಗೆ ಹಾಕಿ. ವೈಫೈ ಹೆಸರು ಸಾದಾ ಇಂಗ್ಲಿಷ್ ಅಕ್ಷರದಲ್ಲಿರಲಿ, ಹೂವು, ನಗುಮುಖ ಎಲ್ಲ ಬೇಡ.

ಆಮೇಲೆ ಹೆಸರು, ಪಾಸ್‌ವರ್ಡ್ ತುಂಬೋದು. ಮೆಷಿನ್ ಮೊದಲ ಸಲ ಆನ್ ಮಾಡಿದಾಗ ಅದೇ ಒಂದು ವೈಫೈ ಬಿಡುತ್ತೆ. ಫೋನನ್ನ ಅದಕ್ಕೆ ಜೋಡಿಸಿ, ಬ್ರೌಸರಲ್ಲಿ 192.168.4.1 ಅಂತ ಹೊಡೆದ್ರೆ ಪುಟ ಬರುತ್ತೆ. ನಮ್ಮವನಿಗೆ ಈ ಪುಟ ಬರ್ತಾನೇ ಇರಲಿಲ್ಲ. ಕಾರಣ ಏನಂದ್ರೆ, ಆ ವೈಫೈಯಲ್ಲಿ ಇಂಟರ್ನೆಟ್ ಇರಲ್ಲ, ಫೋನು ತಾನೇ ಬುದ್ಧಿವಂತ ಅನ್ಕೊಂಡು ಮೊಬೈಲ್ ಡೇಟಾಗೆ ಹಾರಿಬಿಡುತ್ತೆ. ಮೊಬೈಲ್ ಡೇಟಾ ಆಫ್ ಮಾಡಿ, "ಇಂಟರ್ನೆಟ್ ಇಲ್ಲ, ಆದ್ರೂ ಇರ್ತೀರಾ" ಅಂತ ಕೇಳಿದ್ರೆ ಹೂಂ ಅನ್ನಿ. ಪಾಸ್‌ವರ್ಡ್ ಹೊಡೆಯುವಾಗ ಫೋನು ಮೊದಲ ಅಕ್ಷರ ದೊಡ್ಡದು ಮಾಡುತ್ತೆ, ಕೊನೆಗೊಂದು ಖಾಲಿ ಜಾಗ ಸೇರಿಸುತ್ತೆ. ಅದನ್ನ ನೋಡ್ಕೊಳ್ಳಿ. ಇಷ್ಟು ಮಾಡಿದ ಮೇಲೆ ಎರಡೂ ಮೆಷಿನ್ ವೈಫೈ ಹಿಡಿದ್ವು.

ಎರಡನೇ ಸಂಜೆ. ಹಿಡಿದಿದ್ದು ನಿಲ್ಲಲಿಲ್ಲ. ಗಂಟೆಗೆ ನಾಕು ಸಲ ಬಿಟ್ಟು ಬಿಟ್ಟು ಬರ್ತಿತ್ತು. ಮೆಷಿನ್ ಪುಟದಲ್ಲಿ ಸಿಗ್ನಲ್ ಎಷ್ಟು ಅಂತ ಮೈನಸ್ ಅಂಕಿ ತೋರ್ಸುತ್ತೆ. ಮೈನಸ್ 50, 60 ಇದ್ರೆ ಚೆನ್ನಾಗಿದೆ, 80 ದಾಟಿದ್ರೆ ಕೆಲಸಕ್ಕೆ ಬರಲ್ಲ. ಇಲ್ಲಿ ಮೈನಸ್ 84. ರೂಟರ್ ಎಲ್ಲಿ ಅಂತ ತಲೆ ಎತ್ತಿ ನೋಡಿದ್ರೆ ಅಟ್ಟದ ಆ ತುದಿಯಲ್ಲಿ ಜಂತಿಗೆ ಮೊಳೆ ಹೊಡೆದು ನೇತು ಹಾಕಿದ್ದಾರೆ. ಮೆಷಿನ್ ಇರೋದು ಹಿಂದಿನ ಕೋಣೆಲಿ, ಅಟ್ಟದ ಕೆಳಗೆ. ಮಧ್ಯೆ ಕೊಬ್ಬರಿಗೆ ಅಂತ ಹಾಕಿರೋ ಆರೇಳು ಸಾವಿರ ಕಾಯಿ!

ನೀರು ಈ ಅಲೆಯನ್ನ ಹೀರುತ್ತೆ. ಹೊಸದಾಗಿ ಅಟ್ಟಕ್ಕೆ ಹಾಕಿದ ಕಾಯಿ ತುಂಬ ನೀರೇ. ಒಳಗಿನ ನೀರು ಇಂಗಿ ಗಿಟಕು ಅಲ್ಲಾಡೋಕೆ ಹತ್ತು ಹನ್ನೊಂದು ತಿಂಗಳು ಬೇಕು ಅಂತ ನಮಗೆ ಯಾರೂ ಹೇಳ್ಕೊಡಬೇಕಿಲ್ಲ. ಅಂದ್ರೆ ರೂಟರಿಗೂ ಮೆಷಿನ್ನಿಗೂ ನಡುವೆ ನಾವೇ ಒಂದು ನೀರಿನ ತೊಟ್ಟಿ ಕಟ್ಟಿದ್ವಿ. ಮಾಡಿದ್ದು ಇಷ್ಟೇ. ವೈರ್ ಸುತ್ತಿಟ್ಟಿದ್ದು ಎಂಟಡಿ ಇತ್ತು, ಹುಷಾರಾಗಿ ಬಿಚ್ಚಿ ರೂಟರನ್ನ ನಡುಮನೆ ಬಾಗಿಲ ಪಕ್ಕ ಎದೆಮಟ್ಟಕ್ಕೆ ಇಳಿಸಿದೆ. ಫೈಬರ್ ವೈರನ್ನ ಮಡಚಬೇಡಿ, ಒಳಗಿರೋದು ಗಾಜಿನ ಎಳೆ. ಮೈನಸ್ 84 ಇದ್ದದ್ದು 61ಕ್ಕೆ ಬಂತು. ಕಬ್ಬಿಣದ ಬೀರು, ಫ್ರಿಡ್ಜು, ಸತುವಿನ ಶೀಟು ಇವೂ ಅಡ್ಡ ಬರ್ತವೆ, ನೋಡ್ಕೊಳ್ಳಿ.

ಮೂರನೇ ಸಂಜೆ. ಒಂದು ಮೆಷಿನ್ ಸರಿ ಹೋಯ್ತು, ಇನ್ನೊಂದು ಆಗಲೂ ಬಿಡ್ತಿತ್ತು. ಇಲ್ಲಿ ಒಂದು ಗುಟ್ಟು ಇದೆ. ಮೆಷಿನ್ ಎಷ್ಟು ಹೊತ್ತಿನಿಂದ ಓಡ್ತಿದೆ ಅಂತ ಪುಟದಲ್ಲಿ ತೋರ್ಸುತ್ತೆ. ವೈಫೈ ಹೋದಾಗ ಆ ಲೆಕ್ಕ ಮುಂದುವರಿದ್ರೆ ತಪ್ಪು ವೈಫೈದು. ಲೆಕ್ಕ ಸೊನ್ನೆಗೆ ಬಂದ್ರೆ ಮೆಷಿನ್ನೇ ಆಫಾಗಿ ಆನಾಗ್ತಿದೆ, ತಪ್ಪು ಕರೆಂಟಿಂದು. ಇದು ಸೊನ್ನೆಗೆ ಬರ್ತಿತ್ತು. ನೋಡಿದ್ರೆ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದಾನೆ. ಅದಕ್ಕೆ ಆ ಭಾರ ಎಳೆಯೋ ತಾಕತ್ತಿಲ್ಲ. ಮೆಷಿನ್ ಮೇಲೆ ಬರೆದಷ್ಟೇ ವೋಲ್ಟಿನ, ಅದು ಕೇಳಿದಷ್ಟು ಆಂಪಿಯರ್ ಕೊಡೋ ಅಡಾಪ್ಟರ್ ಹಾಕಿದ ಮೇಲೆ ನಿಂತ್ಕೊಳ್ತು. ಜಾಸ್ತಿ ವೋಲ್ಟಿಂದು ಹಾಕಬೇಡಿ, ಸುಟ್ಟು ಹೋಗುತ್ತೆ.

ಇಷ್ಟೇ ನೋಡಿ ಹಳ್ಳಿ ನೆಟ್‌ವರ್ಕಿನ ಕಥೆ. ಒಂದು ಹೆಸರು, ಒಂದು ಮೊಳೆ, ಒಂದು ಅಡಾಪ್ಟರ್. ಮೈನಿಂಗಿಗೆ ಇಂಟರ್ನೆಟ್ ವೇಗ ಬೇಕಿಲ್ಲ. ಅದು ಕಳಿಸೋದು ಚೂರುಪಾರು ಅಂಕಿ, ನಿಮ್ಮ ಮೊಮ್ಮಕ್ಕಳ ಕಾರ್ಟೂನು ಅದಕ್ಕಿಂತ ಎಷ್ಟೋ ಪಟ್ಟು ತಿನ್ನುತ್ತೆ. ನಡುವೆ ಬಿಡದೆ ಇದ್ರೆ ಸಾಕು.

ಈಗ ನನ್ನ ಹೊಟ್ಟೆ ಉರಿಗೆ ಬರ್ತೀನಿ. ವೈಫೈ ಸರಿ ಮಾಡಿ ಮೂವತ್ತು ದಿನ ಒಂದು ನಿಮಿಷ ಬಿಡದೆ ಓಡ್ಸಿದ್ವಿ. ಕರೆಂಟ್ ಹೋದಾಗಲೂ ಯುಪಿಎಸ್ ಇತ್ತು. ಮೂವತ್ತು ದಿನಕ್ಕೆ ಎರಡೂ ಮೆಷಿನ್ ಸೇರಿ ದುಡಿದಿದ್ದು 254 ರೂಪಾಯಿ. ದಿನಕ್ಕೆ 300 ಅಲ್ಲ ಸ್ವಾಮಿ, ತಿಂಗಳಿಗೆ 254.

ಇದು ಮೆಷಿನ್ನಿನ ತಪ್ಪೂ ಅಲ್ಲ. ಲೆಕ್ಕವೇ ಹಾಗಿದೆ, ಯಾರು ಬೇಕಾದ್ರೂ ಹಾಕಬಹುದು. ಬಿಟ್‌ಕಾಯಿನ್ ಜಾಲದಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 144. ಒಂದಕ್ಕೆ 3.125 ಬಿಟ್‌ಕಾಯಿನ್. ಅಂದ್ರೆ ಇಡೀ ಪ್ರಪಂಚಕ್ಕೆ ದಿನಕ್ಕೆ 450. ಪ್ರತಿ ಡಬ್ಬಿ ಸೆಕೆಂಡಿಗೆ 1.2 ಲಕ್ಷ ಕೋಟಿ ಲೆಕ್ಕ ಮಾಡುತ್ತೆ. ಕೇಳೋಕೆ ದೊಡ್ಡದು. ಆದ್ರೆ ನಾನು ನೋಡಿದಾಗ ಜಾಲದ ಒಟ್ಟು ಶಕ್ತಿ ಇಂಥ ಸುಮಾರು 83 ಕೋಟಿ ಡಬ್ಬಿಗೆ ಸಮ ಇತ್ತು. 450ನ್ನ 83 ಕೋಟಿ ಪಾಲು ಮಾಡಿ. ಒಂದು ಬಿಟ್‌ಕಾಯಿನಿಗೆ 80 ಲಕ್ಷ ಹಿಡಿದ್ರೂ ಒಂದು ಡಬ್ಬಿಗೆ ದಿನಕ್ಕೆ ನಾಕು ರೂಪಾಯಿ ಚಿಲ್ಲರೆ. ಪೂಲ್ ಅಂತ ಎಲ್ಲರೂ ಸೇರಿ ಗೇದು ಹಂಚ್ಕೊಂಡ್ರೆ ಇದು. ಒಬ್ಬನೇ ಗೇದು ಪೂರ್ತಿ ಬ್ಲಾಕ್ ಹೊಡೀತೀನಿ ಅಂದ್ರೆ ಲಾಟರಿ. ಸರಾಸರಿಲಿ ಒಂದು ಡಬ್ಬಿಗೆ ಹೆಚ್ಚುಕಮ್ಮಿ ಹದಿನಾರು ಸಾವಿರ ವರ್ಷಕ್ಕೊಂದು ಸಲ ಹೊಡೀಬೇಕು. ನಾಳೆನೇ ಹೊಡೀಬಹುದು ಅಂತ ಅವನು ಹೇಳೋದು ಸುಳ್ಳಲ್ಲ. ಲಾಟರಿ ಮಾರೋನೂ ಅದನ್ನೇ ಹೇಳೋದು.

ಖರ್ಚು ನೋಡಿ. ಒಂದು ಡಬ್ಬಿ ಹೆಚ್ಚುಕಮ್ಮಿ 18 ವ್ಯಾಟ್, ಎರಡೂ ಸೇರಿ ತಿಂಗಳಿಗೆ 26 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದ್ರೆ 156. ಉಳಿದಿದ್ದು 98. ಹಾಕಿದ 36,000 ವಾಪಸ್ ಬರೋಕೆ ಮೂವತ್ತು ವರ್ಷ ದಾಟುತ್ತೆ. ಅಷ್ಟು ಹೊತ್ತಿಗೆ ಒಂದು ತೆಂಗಿನ ಸಸಿ ನೆಟ್ಟಿದ್ರೆ ಇಪ್ಪತ್ತು ವರ್ಷ ಕಾಯಿ ಕಿತ್ತಿರ್ತೀವಿ. ಅದೂ ಇರಲಿ, ಸುಮಾರು ನಾಕು ವರ್ಷಕ್ಕೊಮ್ಮೆ ಆ 3.125 ಅರ್ಧ ಆಗುತ್ತೆ. 2024ರ ಏಪ್ರಿಲ್‌ನಲ್ಲಿ ಆಯ್ತು, ಮತ್ತೆ 2028ಕ್ಕೆ ಬರುತ್ತೆ. ಬೆಲೆ ಹೀಗೇ ಇದ್ರೆ ಆವತ್ತಿಂದ ದುಡಿಮೆಗಿಂತ ಕರೆಂಟೇ ಜಾಸ್ತಿ. ಮೇಲೆ 2022ರಿಂದ ಇಂಥ ಆಸ್ತಿ ಮಾರಿದ ಲಾಭಕ್ಕೆ ಶೇ. 30 ತೆರಿಗೆ, ಅದರಲ್ಲಿ ಕರೆಂಟು, ಮೆಷಿನ್ ಖರ್ಚು ಕಳೆಯೋ ಹಾಗಿಲ್ಲ.

ಈಗ ಬೂಸ್ಟರಿಗೆ ಬನ್ನಿ. ವೈಫೈ ದಿನಕ್ಕೆ ನಾಕು ಗಂಟೆ ಹೋಯ್ತು ಅಂತಲೇ ಇಟ್ಕೊಳ್ಳಿ. ನಷ್ಟ ಎಷ್ಟು? ಆರರಲ್ಲಿ ಒಂದು ಪಾಲು. ಎರಡು ಡಬ್ಬಿಗೂ ಸೇರಿ ದಿನಕ್ಕೆ ಒಂದೂವರೆ ರೂಪಾಯಿ. ಒಂದೂವರೆ ರೂಪಾಯಿ ಉಳಿಸೋಕೆ 9,000 ಹಾಕಿ ಅಂತಾನೆ. ಅವನಿಗೆ ಈ ಲೆಕ್ಕ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ನಮ್ಮ ಗಮನ ವೈಫೈ ಮೇಲಿದ್ದಷ್ಟು ದಿನ ಲೆಕ್ಕದ ಮೇಲೆ ಇರಲ್ಲ, ಅಷ್ಟೇ ಅವನಿಗೆ ಬೇಕಾಗಿರೋದು. ಮಳೆ ಬಂದಿಲ್ಲ ಅಂತ ಗೊಬ್ಬರದ ಅಂಗಡಿಯವನು ಹೇಳೋದು, ಮಣ್ಣು ಸರಿ ಇಲ್ಲ ಅಂತ ಬೀಜ ಮಾರಿದವನು ಹೇಳೋದು ಕೇಳಿದ್ದೀವಲ್ಲ, ಇದೂ ಅದೇ ಜಾತಿ. ತಪ್ಪು ಯಾವಾಗಲೂ ನಮ್ಮ ಹಳ್ಳಿದು, ನಮ್ಮ ಮಣ್ಣಿಂದು, ನಮ್ಮ ನೆಟ್‌ವರ್ಕಿಂದು. ಮಾರಿದವನದು ಯಾವತ್ತೂ ಅಲ್ಲ.

ಇನ್ನೊಂದು ಮಾತು. "ಮನೆ ಬಿಲ್ ಜಾಸ್ತಿ ಆದ್ರೆ ಮೋಟಾರ್ ಲೈನಿಂದ ಎಳ್ಕೊಳ್ಳಿ, ಹೆಂಗೂ ಫ್ರೀ" ಅಂತಲೂ ಅವನು ಹೇಳಿದ್ದನಂತೆ. ಪಂಪ್‌ಸೆಟ್ಟಿನ ಕರೆಂಟು ನೀರಿಗೆ ಕೊಟ್ಟಿರೋದು. ಯಾರೋ ಒಬ್ಬ ಇಂಥದ್ದಕ್ಕೆ ಬಳಸಿ ಸಿಕ್ಕಿಬಿದ್ರೆ ರೈತರೆಲ್ಲ ಕಳ್ಳರು ಅಂತ ಹೇಳೋಕೆ ಕಾಯ್ತಿರೋರು ಬೇಕಾದಷ್ಟು ಜನ ಇದ್ದಾರೆ. ಮನೆದೂ ಅಷ್ಟೇ, ಗೃಹಜ್ಯೋತಿಯಲ್ಲಿ ನಿಮಗೆ ನಿಗದಿ ಮಾಡಿದ್ದಕ್ಕಿಂತ ಮೇಲೆ ಹೋದ್ರೆ ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲು ನಿಮ್ಮದೇ.

ತಂಗಿ ಮಗ ಇದನ್ನ ಓದಿ "ಮಾವ, ನೀವು ಹೊಸದಕ್ಕೆಲ್ಲ ವಿರೋಧ" ಅಂದ. ಅಲ್ಲ ಕಣಯ್ಯಾ. ಹೊಸದಕ್ಕೆ ವಿರೋಧ ಆಗಿದ್ರೆ ನಾನ್ಯಾಕೆ ಮೂರು ಸಂಜೆ ಅದರ ಮುಂದೆ ಕೂತ್ಕೊಳ್ತಿದ್ದೆ? ಕಲಿಯೋಕೆ ಒಂದು ತಂದಿಡು, ಸಂತೋಷ. ಅದು ಹೇಗೆ ಓಡುತ್ತೆ ಅಂತ ತಿಳ್ಕೊಳ್ಳೋದು ಒಳ್ಳೆ ವಿದ್ಯೆ. ಬಿಟ್‌ಕಾಯಿನ್ ಬೆಲೆ ಏರುತ್ತೆ ಅಂತ ನಂಬಿಕೆ ಇದ್ರೆ ಅದು ಬೇರೆ ಜೂಜು, ಅದಕ್ಕೂ ಈ ಡಬ್ಬಿ ಬೇಕಿಲ್ಲ. ಆದ್ರೆ ಕೊಬ್ಬರಿ ದುಡ್ಡು ಹಾಕಿ ಸಂಸಾರ ನಡೆಸೋ ಆದಾಯ ಅಂತ ತರಬೇಡ. ತರಬೇಕು ಅಂತಲೇ ಇದ್ರೆ ಮಾರೋನನ್ನ ಮೂರು ಪ್ರಶ್ನೆ ಕೇಳು. ಇದರ ಶಕ್ತಿ ಎಷ್ಟು, ಜಾಲದ ಒಟ್ಟು ಶಕ್ತಿ ಎಷ್ಟು, ಎಷ್ಟು ವ್ಯಾಟ್ ಎಳೆಯುತ್ತೆ. ಕಾಗದದ ಮೇಲೆ ಬರೆದುಕೊಡು ಅನ್ನು. ಅಲ್ಲೇ ವೈಫೈ ಮಾತೆತ್ತಿದ್ರೆ ಎದ್ದು ಬಾ.

ಕಡಸು ಮಾರಲಿಲ್ಲ. ಒಂದು ಮೆಷಿನ್ ಆಫ್ ಮಾಡಿ ಇಟ್ಟಿದ್ದಾನೆ, ಇನ್ನೊಂದನ್ನ ಅವನ ಮಗಳು ಶಾಲೆ ಪ್ರಾಜೆಕ್ಟಿಗೆ ಅಂತ ಓಡಿಸ್ತಿದ್ದಾಳೆ. 36,000 ಹೋಯ್ತು, ಅದು ನಾನು ಬರೆದ್ರೆ ವಾಪಸ್ ಬರಲ್ಲ. ಇದೇ ಡಬ್ಬಿ ನಮ್ಮ ಹೋಬಳಿಯಲ್ಲಿ ಇನ್ನೂ ಏಳೆಂಟು ಮನೆಗೆ ಬಂದಿದೆ ಅಂತ ಕೇಳಿದೆ. ನಿಮ್ಮ ಮನೆದಕ್ಕೆ ವೈಫೈ ಸಿಗ್ತಿಲ್ಲ ಅಂದ್ರೆ ನನಗೆ ಹೇಳಿ, ಸಂಜೆ ಹೊತ್ತು ಬಂದು ಸರಿ ಮಾಡಿಕೊಡ್ತೀನಿ, ಒಂದು ಲೋಟ ಕಾಫಿ ಸಾಕು. ಆದ್ರೆ ಪಕ್ಕದಲ್ಲಿ ಒಂದು ಪೆನ್ನು, ಕಾಗದ ಇಟ್ಕೊಂಡಿರಿ. ವೈಫೈ ಆದ ಮೇಲೆ ಲೆಕ್ಕಕ್ಕೆ ಕೂರೋಣ.

ಲೆಕ್ಕದಲ್ಲಿ ತಪ್ಪಿದ್ರೆ ಕೆಳಗೆ ಬರೀರಿ, ತಿದ್ದುತೀನಿ. ಮುಂದಿನ ವಾರ ರಾಗಿ.